ಆಗಿಹೋದದ್ದರ ಕಾರಣಿಕ

ಗುಡ್ಡದ ಕೆಳಗಿನ ಓಣಿ,
ರಾಣೆಬೆನ್ನೂರು ತಾಲೂಕು
ಗುರುವಾರ, 18-10-2007

ಚಿರಂಜೀವಿ ಮೇಘಾಳಿಗೆ ನಿನ್ನ ಅವ್ವ ಮಂಗಳವ್ವ ಮಾಡುವ ಆಶೀರ್ವಾದಗಳು.

ಇದರ ಮುಂದಿನ ಸಾಲಿನಲ್ಲಿ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು. ಏಳನೆಯ ಇಯತ್ತೆಯಲ್ಲಿ ಶಾಲೆಯ ಅಕ್ಕೋರು ಹಾಗೆಯೇ ಕಲಿಸಿದ್ದರು. ಪತ್ರವನ್ನು ಪುಸ್ತಕದ ಭಾಷೆಯಲ್ಲೇ ಬರೆಯಬೇಕು, ಓಣಿಯ ಭಾಷೆಯಲ್ಲಿ ಬರೆದರೆ ಓದುವವರು ನಗುತ್ತಾರೆ ಎಂದೂ ಕಲಿಸಿದ್ದರು. ಭಾಷೆಯನ್ನು ಅವರು ಹೇಳಿದಂತೆ ಇಟ್ಟಿದ್ದೇನೆ. ಕ್ಷೇಮದ ಸಾಲಿಗೆ ಮಾತ್ರ ಕೈ ಏಳಲಿಲ್ಲ. ನನಗೆ ಹೆದರಿಕೆಯಾಗಿದೆ ಮಗಳೇ. ಒಲೆಯ ಮುಂದೆ ಕೂತಿದ್ದರೂ ಸಾರು ಉಕ್ಕಿದ್ದು ತಿಳಿಯುವುದಿಲ್ಲ. ಹೊರಗೆ ಯಾರಾದರೂ ಜೋರಾಗಿ ಕೆಮ್ಮಿದರೆ ಎದ್ದು ಬಾಗಿಲಿಗೆ ಓಡುತ್ತೇನೆ.

ಮೊದಲು ಬೈಸಿಕೊಳ್ಳುವ ಮಾತನ್ನು ಹೇಳಿ ಮುಗಿಸುತ್ತೇನೆ. ಹೋದ ತಿಂಗಳು ಯೂಸುಫಸಾಬರ ಅಂಗಡಿಯ ಫೋನಿನಲ್ಲಿ ನೀನು, ಅಪ್ಪ ಹಾಸಿಗೆ ಹಿಡಿದ ಮೇಲೆ ಈ ವರ್ಷ ಕಾರಣಿಕ ನುಡಿಯಲು ಬಿಲ್ಲು ಏರುವವರು ಯಾರು ಎಂದು ಕೇಳಿದೆ. ನಿನ್ನ ಕಾಕಾ ದುರಗಪ್ಪ ಎಂದೆ. ಅದು ಸುಳ್ಳು. ದುರಗಪ್ಪನಿಗೆ ಮಂಡಿ ನೋವು. ಆ ನೋವು ಮಹಾನವಮಿ ಹತ್ತಿರ ಬಂದಾಗ ಬರುತ್ತದೆ, ಬನ್ನಿ ಹಂಚಿ ಮುಗಿಯುವಷ್ಟರಲ್ಲಿ ಹೋಗುತ್ತದೆ. ಶನಿವಾರ ಸಂಜೆ ಬಿಲ್ಲು ಏರುವವನು ನಿನ್ನ ತಮ್ಮ ಮಾಂತೇಶ. ನಿಜ ಹೇಳಿದ್ದರೆ ನೀನು ಪುಣೆಯಿಂದ ಓಡಿ ಬಂದು ಹಿರಿಯರ ಕೂಡ ಜಗಳಕ್ಕೆ ನಿಲ್ಲುತ್ತಿದ್ದೆ. ಮೇಲಾಗಿ ಆ ಅಂಗಡಿಯಲ್ಲಿ ಫೋನಿಗೆ ಇರುವುದು ಒಂದೇ ಕಿವಿಯಾದರೂ ಕೇಳುವ ಕಿವಿಗಳು ಬಹಳ. ಅದಕ್ಕೇ ಈ ಪತ್ರ.

ಹೋದ ವರ್ಷ ಕಾರಣಿಕದ ದಿನ ನೀನು ಇಲ್ಲಿ ಇರಲಿಲ್ಲ. ಅಪ್ಪ ಬಿದ್ದ ಸುದ್ದಿ ಕೇಳಿ ಆಮೇಲೆ ಬಂದೆ. ಅಂದು ಆದದ್ದನ್ನು ನಿನಗೆ ಅರ್ಧವಷ್ಟೇ ಹೇಳಿದ್ದೇನೆ. ಈಗ ಪೂರ್ತಿ ಕೇಳು.

ನಮ್ಮದು ಲಕ್ಷ ಜನ ಸೇರುವ ದೊಡ್ಡ ಗುಡ್ಡವಲ್ಲ, ಏಳೂರ ಜನ ಕೂಡುವ ಸಣ್ಣ ಗುಡ್ಡ. ಆದರೂ ಬಿಲ್ಲು ಬಿಲ್ಲೇ. ನಿನ್ನ ಅಪ್ಪ ಉಪವಾಸ ಮುಗಿಸಿ, ಕರಿ ಕಂಬಳಿ ಹೊದ್ದು, ಹಣೆಗೆ ಭಂಡಾರ ಬಡಿದುಕೊಂಡು, ಕಂಬದಂತೆ ನೆಟ್ಟ ಬಿಲ್ಲನ್ನು ತುದಿಯವರೆಗೆ ಏರಿದರು. ‘ಸದ್ದಲೇ!’ ಎಂದು ಕೂಗಿದರು. ಏಳುಕೋಟಿ ಏಳುಕೋಟಿ ಎನ್ನುತ್ತಿದ್ದ ಗುಡ್ಡವೆಲ್ಲ ಗಪ್ಪಾಯಿತು. ಬರುವ ವರ್ಷದ ಮಳೆ, ಬೆಳೆ, ಪೇಟೆ ಎಲ್ಲಕ್ಕೂ ಸೇರಿ ಮಾಲತೇಶ ದೇವರು ಗೊರವಪ್ಪನ ಬಾಯಲ್ಲಿ ನುಡಿಸುವುದು ಒಂದೇ ಸಾಲು. ಅಂದು ನಿನ್ನ ಅಪ್ಪನ ಬಾಯಲ್ಲಿ ಬಂದದ್ದು, “ಕೆಂಪು ರಾಶಿ ಬಂಗಾರಕ್ಕ ತೂಗೀತಲೇ ಪರಾಕ್!” ಅಷ್ಟು ಹೇಳಿ ಕೈ ಬಿಟ್ಟರು. ಮಾತು ಮುಗಿದ ಮೇಲೆ ಬಿಲ್ಲು ಹಿಡಿದು ನಿಲ್ಲುವಂತಿಲ್ಲ, ಕೆಳಗೆ ಕಂಬಳಿ ಹಿಡಿದು ನಿಂತವರ ಮೇಲೆ ಬೀಳಬೇಕು. ಅವರು ಕಂಬಳಿಯ ಕಡೆ ಬೀಳದೆ ಬಂಡೆಯ ಕಡೆ ಬಿದ್ದರು. ಸೊಂಟದ ಎಲುಬು ಮುರಿದದ್ದು, ಮಾಂತೇಶನ ಟೆಂಪೋದಲ್ಲಿ ಹಾವೇರಿಯ ದವಾಖಾನೆಗೆ ಒಯ್ದದ್ದು, ಇನ್ನು ಎದ್ದು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಇದು. ದವಾಖಾನೆಯಲ್ಲಿ ಅವರ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ನಾನು ಗಂಜಿ ಕುಡಿಸಲು ಹೋದೆ. ಬಾಯಿ ತೆರೆಯಲಿಲ್ಲ. ಗೋಡೆಯ ಕಡೆ ನೋಡುತ್ತ ಹೇಳಿದರು, “ಮಂಗಳಾ, ಅವತ್ತ ನನಗೇನೂ ಬರಲಿಲ್ಲ. ಎದುರಿಗೆ ಬ್ಯಾಡಗಿ ಮೆಣಸಿನಕಾಯಿ ಪೇಟಿ ಮಂದಿ ಕುಂತಿದ್ರು. ಅವರ ಮಾರಿ ನೋಡಿದೆ, ಬಾಯಿಗೆ ಬಂದಿದ್ದು ಅಂದೆ. ಅದು ದೇವರದಲ್ಲ, ನಂದು. ಅದಕ್ಕ ಬಿಲ್ಲು ನನ್ನ ಬಿಡಲಿಲ್ಲ.”

ನಮ್ಮ ಮನೆತನದ ಮಾತು ನೀನು ಬಲ್ಲೆ. ಕಟ್ಟಿದ ಮಾತನ್ನು ಬಿಲ್ಲಿನ ಮೇಲೆ ಆಡಿದವನನ್ನು ಬಿಲ್ಲು ಸುಮ್ಮನೆ ಇಳಿಸುವುದಿಲ್ಲ ಎನ್ನುತ್ತಾರೆ. ಎಲುಬು ಮುರಿದದ್ದು ಬಂಡೆಯಿಂದ, ಮಾತಿನಿಂದಲ್ಲ ಎಂದು ನಾನು ಅವರಿಗೆ ಗದರಿಸಿ ಹೇಳಿದೆ. ಬಾಯಿ ಗದರಿಸಿತು, ಹೊಟ್ಟೆ ಮಾತ್ರ ಅವರ ಮಾತನ್ನೇ ನಂಬಿತು. ಈ ಸಂಗತಿ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಮಾಂತೇಶನಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ.

ಆ ಸಾಲನ್ನು ಕೇಳಿ ಕೆಂಪು ಎಂದರೆ ಮೆಣಸಿನಕಾಯಿಯೇ ಎಂದು ಏಳೂರೂ ತಿಳಿಯಿತು. ನಮ್ಮ ಎದುರುಮನೆಯ ಬಸವಣ್ಣೆವ್ವ ಸುಗ್ಗಿಯಲ್ಲಿ ಕಾಯಿ ಮಾರದೆ ಒಳಕೋಣೆಯಲ್ಲಿ ಚೀಲ ಒಟ್ಟಿದಳು. ಬಂಗಾರದ ಬೆಲೆ ಬರುತ್ತದೆ, ಆಗ ಮಗಳ ಮದುವೆ ಎಂದಳು. ಬೆಲೆ ಏರಲಿಲ್ಲ. ಮಳೆಗಾಲದ ಥಂಡಿಗೆ ಕಾಯಿ ಬಣ್ಣ ಬಿಟ್ಟಿತು. ಬ್ಯಾಡಗಿಯ ಕಾಯಿಗೆ ಬಣ್ಣವೇ ಹೋದರೆ ಉಳಿಯುವುದೇನು? ಮಾಂತೇಶನೇ ಆ ಚೀಲಗಳನ್ನು ಟೆಂಪೋದಲ್ಲಿ ಪೇಟೆಗೆ ಒಯ್ದ. ಮದುವೆ ಮುಂದಕ್ಕೆ ಹೋಯಿತು. ಇಷ್ಟಾದರೂ ಅವಳು ನನಗೆ ಹೇಳಿದ್ದು, “ದೇವರ ಮಾತು ಖರೇನ ಐತವ್ವಾ, ತಿಳಕೊಳ್ಳೂದ್ರಾಗ ನಾನ ಎಡವಿದೆ.” ಕಾರಣಿಕ ಎಂದೂ ತಪ್ಪುವುದಿಲ್ಲ, ತಿಳಿದುಕೊಂಡವರು ತಪ್ಪಿರುತ್ತಾರೆ ಎಂಬುದು ಇಲ್ಲಿಯ ಪದ್ಧತಿಯಲ್ಲವೆ? ಅವಳು ಹಾಗೆಂದಾಗ ನನಗೆ ತಲೆ ಎತ್ತಲು ಆಗಲಿಲ್ಲ. ಅಂದಿನಿಂದ ಅವಳ ಮನೆಗೆ ಮಜ್ಜಿಗೆ ಕೇಳಲು ಹೋಗುವುದನ್ನೂ ಬಿಟ್ಟಿದ್ದೇನೆ.

ಇನ್ನು ನಿನ್ನ ಶ್ರಾವಣದ ಪತ್ರದ ವಿಚಾರ. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯ ಮೇಲೆ ಹರಿದಿದೆ. ನೀನು ಮಾಡುವ ಕೆಲಸ ನನಗೆ ತಿಳಿದದ್ದು ಇಷ್ಟು. ತಪ್ಪಿದ್ದರೆ ನಗು, ಆದರೆ ನಿನ್ನ ಗೆಳತಿಯರಿಗೆ ಓದಿ ಹೇಳಬೇಡ. ಆಕಾಶದಲ್ಲಿ ಯಾವ ಕಾಲದಲ್ಲಿ ಎಷ್ಟು ನಕ್ಷತ್ರಗಳು ಹುಟ್ಟಿದವು ಎಂಬುದು ಸುಮಾರಾಗಿ ಗೊತ್ತು. ಒಂದೂರಲ್ಲಿ ಯಾವ ವರ್ಷ ಎಷ್ಟು ಮಕ್ಕಳು ಹುಟ್ಟಿದರೆಂದು ತಿಳಿದರೆ ಯಾವ ವರ್ಷ ಎಷ್ಟು ಸಾವಾಗಿರಬೇಕು ಎಂದು ಅಂದಾಜು ಹಾಕಬಹುದಲ್ಲ, ಹಾಗೆಯೇ ನೀನು ನಕ್ಷತ್ರಗಳು ಸಿಡಿದ ಲೆಕ್ಕ ಹೇಳುತ್ತೀ. ಬಹಳ ದೊಡ್ಡವು ಹುಟ್ಟಿದ ಕೆಲ ಕಾಲಕ್ಕೇ ಸಿಡಿದು ಹೋಗುತ್ತವೆ. ಸಣ್ಣವು ಉರಿದು ಮುಗಿದು ಕೆಂಡದ ಉಂಡೆಯಾಗಿ ಕೂತಿರುತ್ತವೆ. ಅವುಗಳಲ್ಲಿ ಕೆಲವು ಪಕ್ಕದ ಜೋಡಿಯಿಂದ ಕಸಿದುಕೊಂಡು ತಿಂದು, ಯಾವಾಗಲೋ ಒಂದು ದಿನ ಸಿಡಿಯುತ್ತವೆ. ಎಷ್ಟು ತಡ ಮಾಡಿ ಸಿಡಿಯುತ್ತವೆ ಎಂಬುದೇ ಯಾರಿಗೂ ಸರಿಯಾಗಿ ತಿಳಿಯದು. ದೂರ ನೋಡಿದಷ್ಟೂ ಹಳೆಯ ಬೆಳಕು ಕಾಣುವುದರಿಂದ, ನೀವು ಮೊದಲು ಲೆಕ್ಕ ಹೇಳುತ್ತೀರಿ, ಆಮೇಲೆ ದುರ್ಬೀನು ಹಚ್ಚಿ ಆಗಿಹೋದದ್ದನ್ನು ಎಣಿಸುತ್ತೀರಿ. ಕಾರಣಿಕದ ಮನೆಯ ಮಗಳು ಹೋಗಿ ಹೋಗಿ ಆಗಿಹೋದದ್ದರ ಕಾರಣಿಕ ಹೇಳುತ್ತಾಳೆ ಎಂದು ನಾನು ನಕ್ಕಿದ್ದೆ. ಏಳು ಕೋಟಿಯೇ ದೊಡ್ಡ ಲೆಕ್ಕ ಎಂದುಕೊಂಡಿದ್ದ ನನಗೆ, ಆಕಾಶದ ಲೆಕ್ಕಕ್ಕೆ ಅದು ಚಿಲ್ಲರೆ ಎಂದು ನೀನು ಬರೆದಿದ್ದೆ.

ಆದರೆ ಆ ಪತ್ರದ ಕೆಳಗಿನ ಭಾಗ ನನ್ನನ್ನು ಹಿಡಿದುಕೊಂಡಿದೆ. ಆ ಕೆಂಡದ ಉಂಡೆಗಳೂ ಹುಟ್ಟಿದ ಸ್ವಲ್ಪ ಕಾಲಕ್ಕೇ ಸಿಡಿಯುತ್ತವೆ ಎಂದು ತಿಳಿದು ನೀನು ಹಳೆಯ ಕಾಲಕ್ಕೆ ಬಹಳ ಸಿಡಿತ ಹೇಳಿದ್ದೆ. ದೂರದ ಆಕಾಶದ ಚಿತ್ರಗಳು ಬಂದಾಗ ಅಲ್ಲಿ ಕಂಡದ್ದು ಅದರ ಅರ್ಧ. ಅವು ನೀನು ತಿಳಿದದ್ದಕ್ಕಿಂತ ತಡ ಮಾಡುತ್ತಿದ್ದವು. ನೀನು ತುಂಬಿದ ಸಭೆಯಲ್ಲಿ ಎದ್ದು ನಿಂತು ‘ನನ್ನ ಲೆಕ್ಕ ತಪ್ಪಿತ್ತು’ ಎಂದೆಯಂತೆ. ಆಮೇಲೆ ಯಾರೋ ನಿನಗೆ ಚಹಾ ತಂದುಕೊಟ್ಟರಂತೆ.

ಚಹಾ! ತಪ್ಪಿ ಹೇಳಿದವಳಿಗೆ ಚಹಾ! ನಾನು ಆ ದಿನವೇ ಯೂಸುಫಸಾಬರ ಅಂಗಡಿಗೆ ಓಡಿ ನಿನಗೆ ಫೋನು ಮಾಡಿದ್ದು ನೆನಪಿದೆಯೆ? ಏನಾದರೂ ಆಯಿತೇನೇ ನಿನಗೆ ಎಂದು ಕೇಳಿದೆ. ನೀನು, “ಏನಾಗ್ತೈತವ್ವಾ? ಮತ್ತ ಲೆಕ್ಕಾ ಹಾಕಾಕತ್ತೇನಿ” ಎಂದೆ. ನಿನಗೆ ಕೈ ಕಾಲು ನೆಟ್ಟಗಿವೆಯೇ ಎಂದು ತಿಳಿಯಲು ನಾನು ಫೋನು ಮಾಡಿದ್ದೆ. ಅದನ್ನು ನಿನಗೆ ಹೇಳಲಿಲ್ಲ.

ಈಗ ಗುಡ್ಡದ ಮೇಲಿನ ಸುದ್ದಿ. ಮಾಂತೇಶ ಅಮಾವಾಸ್ಯೆಯ ಮರುದಿನದಿಂದ ಗುಡಿಯಲ್ಲಿ ಉಪವಾಸ ಕೂತಿದ್ದಾನೆ. ಬೆಳಿಗ್ಗೆ ಹಾಲು ಒಯ್ಯುವವಳು ನಾನು. ಹಾಲು ಇಟ್ಟು ತಿರುಗಿ ನೋಡದೆ ಬರಬೇಕು. ಮಾತಾಡಿಸುವಂತಿಲ್ಲ, ಏಕೆಂದರೆ ಮನುಷ್ಯರ ಮಾತು ಕಿವಿಗೆ ಬಿದ್ದರೆ ದೇವರ ಮಾತಿಗೆ ಜಾಗ ಉಳಿಯುವುದಿಲ್ಲ. ಮೊನ್ನೆ ಮಂಗಳವಾರ ಹಾಲು ಇಟ್ಟು ತಿರುಗಿದ್ದೆ. ಹಿಂದಿನಿಂದ ಅವನೇ ಮಾತಾಡಿದ. “ಅವ್ವಾ, ನನಗೇನೂ ಬರವಲ್ದು. ಶನಿವಾರ ಏನ ಹೇಳ್ಲಿ?” ಎಂದ. ಮೇಘಾ, ಅವನ ದನಿ ಅಪ್ಪನ ದನಿಯ ಹಾಗೆಯೇ ಇತ್ತು. ನಾನು ಉತ್ತರ ಕೊಡದೆ ಮೆಟ್ಟಿಲು ಇಳಿದು ಬಂದೆ. ಮನೆಗೆ ಬಂದು ನೋಡಿದರೆ ಖಾಲಿ ಚರಿಗೆಯನ್ನು ಅಲ್ಲೇ ಬಿಟ್ಟಿದ್ದೆ.

ಇಡೀ ದಿನ ಅದೇ ಗುಂಗು. ಏನೂ ಬಾರದೆ ಸುಮ್ಮನೆ ಇಳಿದರೆ ಏಳೂರ ಜನ ನಮ್ಮ ಮನೆತನಕ್ಕೆ ಉಗಿಯುತ್ತಾರೆ. ಇಪ್ಪತ್ತೆರಡರ ಹುಡುಗ, ಉಗಿಸಿಕೊಳ್ಳುವ ಬದಲು ಏನಾದರೊಂದು ಕಟ್ಟಿ ಹೇಳಿಯಾನು. ಕಟ್ಟಿ ಹೇಳಿದರೆ ಬಿಲ್ಲು ಇಳಿಸುವುದಿಲ್ಲ. ನೀನು ಬರೆದಿದ್ದೆಯಲ್ಲ, ಒಟ್ಟು ಎಷ್ಟು ಸಿಡಿಯುತ್ತವೆ ಎಂದು ಹೇಳಬಹುದು, ಯಾವುದು ಸಿಡಿಯುತ್ತದೆ ಎಂದು ಹೇಳಲಾಗದು ಎಂದು. ನನಗೆ ಒಟ್ಟಿನ ಲೆಕ್ಕ ಬೇಡ ಮಗಳೇ. ನನಗೆ ಬೇಕಾದದ್ದು ಒಂದೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು.

ಅದಕ್ಕೇ ನಿನ್ನೆ ಒಂದು ತಪ್ಪು ಮಾಡಿದೆ. ಹಾಲು ಇಟ್ಟು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗು ಬಾಯಿಗೆ ಹಿಡಿದು ನಿನ್ನ ಕಥೆ ಹೇಳಿಬಿಟ್ಟೆ. ಅಪ್ಪನದು ಹೇಳಲಿಲ್ಲ, ಆಣೆ ಇದೆ. ನಿನ್ನದು ಹೇಳಿದೆ. ನಿಮ್ಮಕ್ಕ ತಪ್ಪಿ ಹೇಳಿದಳು, ತಪ್ಪಿದೆ ಎಂದು ಎಲ್ಲರ ಮುಂದೆ ಒಪ್ಪಿದಳು, ಅವಳಿಗೆ ಏನೂ ಆಗಲಿಲ್ಲ, ಚಹಾ ಕೊಟ್ಟರು ಎಂದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. “ತಪ್ಪು ಅಂತ ಆಕೀಗೆ ಹೆಂಗ ಗೊತ್ತಾತು?” ಎಂದು ಕೇಳಿದ. “ನೋಡಿದ್ರಂತ. ನೋಡೂದು ಬಿಟ್ಟು ಬ್ಯಾರೆ ದಾರಿ ಇಲ್ಲಂತ” ಎಂದೆ. ಅವನು ಹಾಲಿನ ಚರಿಗೆ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ಕೂತ. ನನ್ನ ಕಡೆ ಮತ್ತೆ ನೋಡಲಿಲ್ಲ.

ಈಗ ನನಗೆ ಎರಡು ಹೆದರಿಕೆ. ಮೊದಲನೆಯದು ಇದ್ದೇ ಇತ್ತು. ಎರಡನೆಯದು, ಶನಿವಾರ ಅವನಿಗೇನಾದರೂ ಆದರೆ ನೇಮ ಮುರಿದವಳು ನಾನು. ದೇವರ ಮಾತಿಗೆ ಇದ್ದ ಜಾಗದಲ್ಲಿ ನನ್ನ ಮಾತು ತುರುಕಿದವಳು ನಾನು. ಕದರಮಂಡಲಗಿಯ ಹನುಮಪ್ಪನಿಗೆ ಹರಕೆ ಹೊತ್ತಿದ್ದೇನೆ. ಒಬ್ಬ ದೇವರ ಮೇಲಿನ ಹೆದರಿಕೆಗೆ ಇನ್ನೊಬ್ಬ ದೇವರ ಹತ್ತಿರ ಹೋಗಬಹುದೋ ಇಲ್ಲವೋ ತಿಳಿಯದು. ಹೋದೆ.

ನಿನ್ನ ಅಪ್ಪ ಗೋಡೆಯ ಕಡೆ ಮಾರಿ ಮಾಡಿ ಮಲಗಿರುತ್ತಾರೆ. ಈ ಕಡೆ ಹೊರಳಿಸಿದರೆ ಮತ್ತೆ ತಲೆ ಆ ಕಡೆಗೇ ತಿರುಗಿಸುತ್ತಾರೆ. ಮಗನಿಗೆ ಏನಾದರೂ ಹೇಳಿ ಕಳಿಸಲೇ ಎಂದರೆ ಕಣ್ಣು ಮುಚ್ಚುತ್ತಾರೆ. ಒಂದು ವರ್ಷದಿಂದ ಅವರು ಹಗಲು ನಿದ್ದೆ ಮಾಡಿದ್ದನ್ನೂ ನಾನು ನೋಡಿಲ್ಲ, ರಾತ್ರಿ ನಿದ್ದೆ ಮಾಡಿದ್ದನ್ನೂ ನೋಡಿಲ್ಲ.

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಶನಿವಾರ ಮುಗಿದಿರುತ್ತದೆ. ನೀನು ಓದುವುದು ಆಗಿಹೋದ ಹೆದರಿಕೆಯನ್ನು, ನಿನ್ನ ದುರ್ಬೀನಿನ ಬೆಳಕಿನ ಹಾಗೆ. ಅದನ್ನು ತಿಳಿದೂ ಬರೆದೆ. ಯಾರಿಗಾದರೂ ಹೇಳದಿದ್ದರೆ ಶನಿವಾರದವರೆಗೆ ನಾನು ಉಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಗೆ ಎಣ್ಣೆ ಹಚ್ಚಿಕೋ. ನನ್ನ ಮೇಲೆ ಸಿಟ್ಟಾಗಬೇಡ.

ಇಂತಿ ನಿನ್ನನ್ನು ಹೆತ್ತ, ಹೆದರಿದ
ಮಂಗಳವ್ವ

ತಾ.ಕ.: ಭಾನುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಪತ್ರವನ್ನು ಅಂಚೆಗೆ ಹಾಕಲು ಹೊರಟು ಅಂಚೆ ಡಬ್ಬಿಯ ತನಕ ಹೋಗಿ ತಿರುಗಿ ಬಂದಿದ್ದೆ. ಕೊನೆ ತಿಳಿಯದೆ ನಿನಗೆ ಕಳಿಸಲು ಮನಸ್ಸು ಒಪ್ಪಲಿಲ್ಲ.

ಮೊದಲು ಇದನ್ನು ಓದು: ಮಾಂತೇಶ ಬದುಕಿದ್ದಾನೆ. ಕೈ ಕಾಲು ಎರಡೂ ಮುಟ್ಟಿ ನೋಡಿದ್ದೇನೆ. ಮುಂಗೈ ತರಚಿದೆ, ಅಷ್ಟೇ.

ನಿನ್ನೆ ಸಂಜೆ ಹೆಂಗಸರ ಗುಂಪಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಬಸವಣ್ಣೆವ್ವ ಬಂದು ನಿಂತು ನನ್ನ ಕೈ ಹಿಡಿದಳು. ಬಿಡಿಸಿಕೊಳ್ಳಲು ಆಗಲಿಲ್ಲ. ಮಾಂತೇಶ ಏರುವಾಗ ನಡುವೆ ಒಮ್ಮೆ ಕಾಲು ಜಾರಿತು. ತುದಿಗೆ ಹೋಗಿ ‘ಸದ್ದಲೇ!’ ಎಂದ. ಗುಡ್ಡ ಗಪ್ಪಾಯಿತು. ಅವನೂ ಗಪ್ಪಾದ. ಬಹಳ ಹೊತ್ತು ಏನೂ ಬರಲಿಲ್ಲ. ಯಾರದೋ ಕಿಸೆಯಲ್ಲಿ ಮೊಬೈಲು ಹೊಡೆದುಕೊಂಡಿತು, ಆರಿಸಿದರು. ಬ್ಯಾಡಗಿಯವರು ಕತ್ತು ಉದ್ದ ಮಾಡಿ ಕೂತಿದ್ದರು. ಈಗ ಕಟ್ಟುತ್ತಾನೆ, ಈಗ ಕಟ್ಟುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆಗ ಕೇಳಿತು:

“ಹೋದ ವರ್ಸದ ಮಾತು ಸುಳ್ಳಾತಲೇ ಪರಾಕ್!”

ಅಷ್ಟೇ. ಕೈ ಬಿಟ್ಟ. ಕಂಬಳಿಯ ನಡುವೆಯೇ ಬಿದ್ದ.

ಯಾರೂ ಏಳುಕೋಟಿ ಎನ್ನಲಿಲ್ಲ. ಅಂಥ ಸಾಲನ್ನು ಈ ಗುಡ್ಡದ ಮೇಲೆ ಯಾರೂ ಕೇಳಿಲ್ಲ. ದುರಗಪ್ಪ ಕುಂಟುವುದನ್ನು ಮರೆತು ಓಡಿ ಬಂದು, ಕಾರಣಿಕ ಎಂದರೆ ಮುಂದಿನದು ಹೇಳಬೇಕು, ಹಿಂದಿನದನ್ನಲ್ಲ ಎಂದು ಕೂಗಾಡಿದ. ಗುಡಿಯ ಹಿರಿಯ ಮಾಲತೇಶಪ್ಪ ಅವನನ್ನು ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. “ಬಿಲ್ಲಿನ ಮ್ಯಾಲ ಬಂದದ್ದನ್ನ ಅಲ್ಲಗಳ್ಯಾಕ ಬರೂದಿಲ್ಲ. ಹಂಗಾದ್ರ ಹೋದ ವರ್ಸದ್ದು ಯಾರ ಮಾತು? ನಾಳೆ ಮುಂಜಾನೆ ಮನೀಗೆ ಬರ್ತೇವಿ, ನಿನ್ನ ಗಂಡ ಗುಡದಪ್ಪನ್ನ ಕೇಳ್ತೇವಿ” ಎಂದರು. ಬಸವಣ್ಣೆವ್ವ ನನ್ನ ಕೈಯನ್ನು ಯಾವಾಗ ಬಿಟ್ಟಳೋ ಗೊತ್ತಾಗಲಿಲ್ಲ.

ದಾರಿಯಲ್ಲಿ ಮಾಂತೇಶನನ್ನು ಹಿಡಿದು ನಿಲ್ಲಿಸಿ ಕೇಳಿದೆ, ನಿನಗೆ ಯಾರು ಹೇಳಿದರೋ ಎಂದು. ಅವನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. “ಯಾರ ಹೇಳಬೇಕವ್ವಾ? ಬಸವಣ್ಣೆವ್ವನ ಚೀಲಾ ಪೇಟಿಗೆ ಒಯ್ದಾಂವ ನಾನ. ಕಾಯಿ ಬಿಳಚಿದ್ದು ಕಣ್ಣಿಲೆ ನೋಡೇನಿ. ಮುಂದಿಂದು ನನಗ ತಿಳೀವಲ್ದು, ನೋಡಿದ್ದಷ್ಟ ಹೇಳಿದೆ” ಎಂದ. ನಾನು ಅಲ್ಲೇ ರಸ್ತೆಯಲ್ಲಿ ಕೂತು ಅತ್ತೆ.

ಮೈಕಿನ ಸದ್ದು ಓಣಿಯವರೆಗೂ ಬರುತ್ತದೆ. ಮನೆಗೆ ಬಂದಾಗ ನಿನ್ನ ಅಪ್ಪನ ಮಾರಿ ಬಾಗಿಲ ಕಡೆ ಇತ್ತು. ತಾವೇ ಹೊರಳಿದ್ದರು. ಮಗನನ್ನು ಹತ್ತಿರ ಕರೆದು ತಲೆಯ ಮೇಲೆ ಕೈ ಇಟ್ಟರು. “ಅದು ಖರೇ ಬಂದ ಮಾತು” ಎಂದರು. ಆಮೇಲೆ ನಿದ್ದೆ ಮಾಡಿದರು ಮೇಘಾ, ಗೊರಕೆ ಹೊಡೆಯುತ್ತ ನಿದ್ದೆ ಮಾಡಿದರು. ನಾನು ಬೆಳಗಿನವರೆಗೆ ಆ ಗೊರಕೆ ಕೇಳುತ್ತ ಕೂತಿದ್ದೆ.

ಈಗ ಎಚ್ಚತ್ತು ಮುಖ ತೊಳೆಸಿಕೊಂಡು, ದಿಂಬಿಗೆ ಒರಗಿ, ಹೊಸ ರುಮಾಲು ಕೇಳಿ ಸುತ್ತಿಸಿಕೊಂಡಿದ್ದಾರೆ. “ಬಾಗಲಾ ತಗದಿಡು. ಬಂದವರಿಗೆ ನಾನ ಹೇಳ್ತೇನಿ” ಎಂದಿದ್ದಾರೆ. ಕಿಟಕಿಯಿಂದ ನೋಡಿದೆ. ಓಣಿಯ ತುದಿಯಲ್ಲಿ ಬರುತ್ತಿದ್ದಾರೆ, ಬಹಳ ಜನ ಇದ್ದಾರೆ. ಎಲ್ಲರಿಗಿಂತ ಮುಂದೆ ಬಸವಣ್ಣೆವ್ವ.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ತಿದ್ದಿಕೊಂಡು ಓದು. ಒಲೆಯ ಮೇಲೆ ದೊಡ್ಡ ಪಾತೇಲಿಯಲ್ಲಿ ಚಹಾಕ್ಕೆ ನೀರು ಇಟ್ಟಿದ್ದೇನೆ. ಕುಡಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬಾಗಿಲು ತೆಗೆಯಲು ಹೋಗುತ್ತ ಇದ್ದೇನೆ.